ಎಂದಿನಂತೆ

ನಮ್ಮ ಊರಿನ ನೀರಿನ ಪೈಪುಗಳಿಗೆ ಕಿವಿ ಬಂದು ಆಗ ನಾಲ್ಕು ವರ್ಷವಾಗಿತ್ತು. ಅರ್ಧ ಲಿಂಬೆಹಣ್ಣಿನಷ್ಟು ದಪ್ಪದ ಆರುನೂರಾ ಹನ್ನೆರಡು ಕಿವಿಗಳು. ನೆಲದೊಳಗೆ ಕಬ್ಬಿಣಕ್ಕೆ ಅಂಟಿಕೊಂಡು ಸದಾ ಕೇಳುತ್ತಿದ್ದವು. ಎಲ್ಲೋ ಒಂದು ಸೀಳಿನಿಂದ ನೀರು ಸುಂಯ್ ಎಂದು ಜಾರಿದರೆ ಆ ಸದ್ದು ನೀರು ಸರಬರಾಜು ಕಚೇರಿಯ ಹಿಂದಿನ ಖೋಲಿಯಲ್ಲಿದ್ದ ಒಂದು ಲ್ಯಾಪ್‌ಟಾಪಿಗೆ ಬಂದು ಮುಟ್ಟುತ್ತಿತ್ತು. ಆ ಖೋಲಿಗೆ ಕಂಟ್ರೋಲ್ ರೂಮ್ ಎಂದು ಹೆಸರು. ಅದರೊಳಗಿನ ಒಂದೇ ಕುರ್ಚಿ ನನ್ನದು.

ಐದು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಈ ಕೆಲಸ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಬೈಗುಳಕ್ಕೆ ಮೊದಲ ಹಕ್ಕುದಾರಳು ನಾನು, ಎರಡನೆಯವನು ವಾಲ್ವ್‌ಮನ್ ದಸ್ತಗೀರಸಾಬ. ನಾನು ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದೆ, ಅವನು ಎದುರಾಎದುರು.

ಜನವರಿಯಲ್ಲಿ ನಮ್ಮ ಸಹಾಯಕ ಎಂಜಿನಿಯರ್ ಕೊಣ್ಣೂರ ಸಾಹೇಬರು ಎರಡು ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ಒಂದೇ ಕಂಪನಿ, ಒಂದೇ ಪರದೆ, ಒಂದೇ ಕೀಲಿಮಣೆ.

"ಅವಳಿ-ಜವಳಿ ನೋಡ್ರಿ ಶಿವಲೀಲಾ. ತಲಿ ಅಷ್ಟ ಬ್ಯಾರೆ. ಇದರಾಗ ಹಳೇ ಪ್ರೊಸೆಸರ್, ಇದರಾಗ ಹೊಸಾದು. ಒಂದು ತಿಂಗಳು ಎರಡಕ್ಕೂ ಪೈಪಿನ ಸದ್ದು ಕೇಳಸ್ರಿ. ಕಡೀಕ ಯಾವುದು ಇರಬೇಕು ಅಂತ ವರದಿ ಬರದು ಕೊಡ್ರಿ."

"ಇನ್ನೊಂದರದು ಏನ್ರೀ?"

"ಅದು ನಿಮಗ. ತಿಂಗಳಪೂರ್ತಿ ಎರಡೆರಡು ನೋಡೂದಕ್ಕ ಮ್ಯಾಲಿನವರ ಇನಾಮು."

ನನ್ನ ಮಗಳು ಭೂಮಿಕಾ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಮನೆಯಲ್ಲಿ ನಾವಿಬ್ಬರೇ. ಕಟ್ಟಡ ವಿನ್ಯಾಸದ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು, ಓದುವುದಕ್ಕಿಂತ ಹೆಚ್ಚಾಗಿ ಚಿತ್ರ ಬಿಡಿಸಬೇಕಿತ್ತು, ಆ ಚಿತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಲು ಕಂಪ್ಯೂಟರೇ ಬೇಕು. ಗೆಳತಿಯ ಮನೆಗೆ ಹೋಗಿ ಅವಳ ಅಣ್ಣ ಕಂಪ್ಯೂಟರ್ ಬಿಟ್ಟೆದ್ದ ಹೊತ್ತಿನಲ್ಲಿ ಕೂತು ಬರುತ್ತಿದ್ದಳು. ಇನಾಮಿನ ಮಾತು ಕೇಳಿದ್ದೇ ತಡ, "ಅಮ್ಮ, ನೀ ಹಳೇದು ಛಲೋ ಅಂತ ಬರದುಬಿಡು. ಹೊಸಾದು ನಮಗ ಬರ್ತೈತಿ" ಎಂದಳು.

"ಹಂಗ ಬರಿಯಾಕ ಬರ್ತೈತೇನು?"

"ಪೆನ್ನಿನಿಂದ ಬರಿಯಾಕ ಬರ್ತೈತಿ."

ನಕ್ಕೆವು. ಆದರೆ ನಗೆಯ ಹಿಂದೆ ನನಗೂ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ.

ಎರಡರ ವ್ಯತ್ಯಾಸ ಇಷ್ಟು. ಹಳೆಯದು ಬಂದ ಪ್ರತಿಯೊಂದು ಸದ್ದನ್ನೂ ಹಿಡಿದು, ಅಳೆದು, ಎಳೆ ಎಳೆಯಾಗಿ ಬಿಡಿಸುತ್ತಿತ್ತು. ಸಾವಿರ ಸಲ ಕೇಳಿದ ಸದ್ದಾದರೂ ಸಾವಿರದ ಒಂದನೇ ಸಲ ಮತ್ತೆ ಮೊದಲಿನಿಂದಲೇ ಶುರು. ಹೀಗಾಗಿ ಮೈಯೆಲ್ಲ ಕಾದು, ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ಹೊಸದರ ರೀತಿಯೇ ಬೇರೆ. ಕೊಣ್ಣೂರ ಸಾಹೇಬರು ತಿಳಿಸಿ ಹೇಳಿದ್ದರು.

"ನಿಮ್ಮ ಮನಿಗೆ ದಿನಾ ಹಾಲಿನಾಂವ ಬರ್ತಾನ. ಅವನ ಗಂಟಿ ಕೇಳಿದ್ರ ಎದ್ದು ಹೋಗಿ ಯಾರು ಅಂತ ನೋಡ್ತೀರೇನು? ಇಲ್ಲ. ಹೊತ್ತಲ್ಲದ ಹೊತ್ತಿನ್ಯಾಗ ಗಂಟಿ ಆದ್ರ ನೋಡ್ತೀರಿ. ಇದೂ ಹಂಗ. ಮುಂದ ಏನು ಕೇಳಸ್ತೈತಿ ಅಂತ ಮೊದಲ ಊಹೆ ಮಾಡಿ ಇಟ್ಟಿರ್ತೈತಿ. ಊಹೆ ಖರೇ ಆತು ಅಂದ್ರ ಲೆಕ್ಕಾನ ಮಾಡೂದಿಲ್ಲ. ತಪ್ಪಾದ್ರ ಅಷ್ಟ ತಲಿ ಓಡಸ್ತೈತಿ."

ಹಾಗಾಗಿ ಅದು ಬಿಸಿಯಾಗುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಹನ್ನೊಂದು ದಿನ. ಕಂಟ್ರೋಲ್ ರೂಮಿನಲ್ಲಿ ಎರಡನ್ನೂ ಇಟ್ಟರೆ ಗಿರಣಿಯ ಸದ್ದಿನಲ್ಲಿ ಫೋನಿನ ಬೈಗುಳವೂ ಕೇಳಿಸುತ್ತಿರಲಿಲ್ಲ. "ಹಳೇದನ್ನ ಮನೀಗೆ ಒಯ್ದು ಚಾಲೂ ಇಡ್ರಿ, ಸದ್ದು ಅಲ್ಲಿಗೂ ಬರ್ತೈತಿ" ಎಂದರು ಸಾಹೇಬರು. ಒಯ್ದೆ. ಭೂಮಿಕಾ ಅದರ ಒಂದು ಮೂಲೆಯಲ್ಲಿ ತನ್ನ ಚಿತ್ರ ಬಿಡಿಸಿಕೊಳ್ಳಲು ನೋಡಿದಳು. ಒಂದು ಗೋಡೆ ತಿರುಗಿಸಿದರೆ ಅದು ತಿರುಗುವ ಹೊತ್ತಿಗೆ ಚಹಾ ಕುದಿಯುತ್ತಿತ್ತು. ದಿನಾ ದೂರು. "ಅಮ್ಮ, ಗಿರಣಿ." ನಾನು ರೊಟ್ಟಿ ತಟ್ಟುತ್ತ "ಹೂಂ" ಎನ್ನುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು, ಅಡುಗೆ ಮಾಡಿ, ಎಂಟು ತಾಸು ಬೈಸಿಕೊಂಡು ಬಂದ ಮೇಲೆ ನನ್ನಲ್ಲಿ ಉಳಿಯುತ್ತಿದ್ದದ್ದು ಅಷ್ಟೇ ಹೂಂ.

ಎಂಟನೆಯ ದಿನ ಹೊಸದು ನನ್ನ ಬಾಯಿ ಮುಚ್ಚಿಸಿತು. ಒಂಬತ್ತನೇ ವಾರ್ಡಿಗೆ ಎಷ್ಟೋ ವರ್ಷದಿಂದ ನೀರು ದಾರದ ಎಳೆಯಂತೆ ಬರುತ್ತಿತ್ತು. ಹಳೇ ಯಂತ್ರಗಳಿಗೆ ಕಾರಣ ಸಿಕ್ಕಿರಲಿಲ್ಲ, ಬಸ್ಸುಗಳ ಗದ್ದಲದಲ್ಲಿ ಸಣ್ಣ ಸೀಳಿನ ಸದ್ದು ಮುಳುಗಿಹೋಗುತ್ತಿತ್ತು. ಹೊಸದು ಬಸ್ಸುಗಳನ್ನೆಲ್ಲ ಕಲಿತುಕೊಂಡು, ಅವನ್ನು ಪಕ್ಕಕ್ಕೆ ಸರಿಸಿ, ಉಳಿದ ಆ ಸಣ್ಣ ಸುಂಯ್ ಅನ್ನು ಬೆರಳಿಟ್ಟು ತೋರಿಸಿತು. ಅಗೆದರೆ ಅಲ್ಲೇ ಇತ್ತು. ಮರುವಾರ ಒಂಬತ್ತನೇ ವಾರ್ಡಿನಿಂದ ಒಂದು ಫೋನು ಬಂತು. ಬೈಯಲು ಅಲ್ಲ. "ಮೇಡಂ, ಕೊಡ ತುಂಬಿ ಹೊರಗ ಚೆಲ್ಲಾಕತ್ತೈತ್ರಿ" ಎಂದು ಒಬ್ಬ ಹೆಣ್ಣುಮಗಳು ಸುಮ್ಮನೆ ಹೇಳಿ ಇಟ್ಟಳು. ಹನ್ನೆರಡು ವರ್ಷದ ನೌಕರಿಯಲ್ಲಿ ಅಂಥ ಫೋನು ಅದೇ ಮೊದಲು.

ಆ ಸಂಜೆ ಮನೆಯ ಗಿರಣಿಯಲ್ಲೇ ವರದಿ ಬರೆಯತೊಡಗಿದೆ. ಹೊಸದೇ ಇರಲಿ. ಮಗಳಿಗೆ ಗಿರಣಿ. ಬೇರೆ ಬರೆಯಲು ಮನಸ್ಸು ಒಪ್ಪಲಿಲ್ಲ. ಭೂಮಿಕಾಗೆ ಹೇಳಿದಾಗ ಅವಳು ಮುಖ ತಿರುಗಿಸಿಕೊಂಡು ಊಟ ಮಾಡಿದಳು, ಮಜ್ಜಿಗೆ ಬಡಿಸಿದ್ದನ್ನು ಬೇಡವೆನ್ನಲಿಲ್ಲ, ಅದೊಂದೇ ಸಮಾಧಾನ.

ದಸ್ತಗೀರಸಾಬನ ಬಗ್ಗೆ ಒಂದು ಮಾತು ಹೇಳಬೇಕು. ನೀರು ಬಿಡುವ ಮೊದಲು ಅವನು ತನ್ನ ಉದ್ದನೆಯ ವಾಲ್ವ್ ಕೀಲಿಯಿಂದ ಪೈಪಿಗೆ ಮೂರು ಪೆಟ್ಟು ಹಾಕುತ್ತಾನೆ. ಠಣ್, ಠಣ್, ಠಣ್. ಅದು ಕಬ್ಬಿಣದೊಳಗೆ ಓಡಿ ಓಣಿಯ ಪ್ರತಿ ನಲ್ಲಿಯಲ್ಲೂ ಕೇಳಿಸುತ್ತದೆ. ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕೊಡ ಹಚ್ಚುತ್ತಾರೆ. ಯಾರಾದರೂ "ತಡಿಯೋ ದಸ್ತಗೀರಾ!" ಎಂದು ಒದರಿದರೆ ನಿಂತು ಇನ್ನೊಮ್ಮೆ ಮೂರು ಪೆಟ್ಟು. ಅವನ ಅಪ್ಪನೂ ಹೀಗೇ ಬಡಿಯುತ್ತಿದ್ದನಂತೆ. ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಬಂದರೂ ಓಣಿ ನಂಬುವುದು ಪೆಟ್ಟನ್ನೇ. ಕರೆಂಟ್ ಹೋದ ದಿನ ಪೆಟ್ಟು ಕೇಳಿಸಿ ನೀರು ಬಾರದೆ ಇರುವುದೂ ಉಂಟು. ಆ ತಿಂಗಳೇ ಏಳು ಸಲ ಹಾಗಾಗಿತ್ತು. ಹೊಸ ಪ್ರೊಸೆಸರ್ ಇದನ್ನೂ ಕಲಿತಿತ್ತು. ಪೆಟ್ಟು ಬಿದ್ದಾಗಲೆಲ್ಲ ಪರದೆಯ ಕೆಳಗೆ ಬೂದುಬಣ್ಣದ ಸಣ್ಣ ಅಕ್ಷರ: "ಮೂರನೇ ವಾರ್ಡ್, ದಸ್ತಗೀರಸಾಬ, ಎಂದಿನಂತೆ." ಅವನಿಗೆ ತೋರಿಸಿದಾಗ ಖುಷಿಪಟ್ಟಿದ್ದ. "ನೋಡ ಯವ್ವಾ, ಸರಕಾರದಾಗ ನನ್ನ ಹೆಸರು ಗೊತ್ತಿರೂದು ಇದಕ್ಕೊಂದಕ್ಕ."

ಇಪ್ಪತ್ತಮೂರನೆಯ ದಿನ, ಬುಧವಾರ. ಹನ್ನೆರಡೂವರೆಗೆ ಕರೆಂಟ್ ಹೋಯಿತು. ಮೂರಕ್ಕೆ ಬರುತ್ತದೆ, ಬಂದ ಕೂಡಲೇ ಪಂಪ್ ಚಾಲೂ ಮಾಡುತ್ತೇವೆ ಎಂದು ಪಂಪ್‌ಹೌಸಿನವರು ತಿಳಿಸಿದರು. ಹೊಸ ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ತಣ್ಣಗೆ ಕೂತಿತ್ತು. ಒಂದೂಮುಕ್ಕಾಲಿಗೆ ಬೂದು ಅಕ್ಷರ ಕಂಡಿತು. ಮೂರನೇ ವಾರ್ಡ್, ಎಂದಿನಂತೆ. ಮತ್ತೆ ಕಂಡಿತು. ಮತ್ತೆ. ಮೂರನೇ ವಾರ್ಡಿನ ಕಾಶವ್ವ ಫೋನು ಮಾಡಿದಳು. "ಏನ್ರೀ, ನೀರು ಕೊಡೂದಿಲ್ಲಾಂದ್ರ ಅವನಿಗೆ ಬಡೀಬ್ಯಾಡ ಅಂತ ಹೇಳ್ರಿ. ಕೊಡ ಹಚ್ಚಿ ಹಚ್ಚಿ ಸೊಂಟ ಹೋತು."

"ಕರೆಂಟ್ ಇಲ್ರೀ ಕಾಶವ್ವ. ಮೂರಕ್ಕ ಬರ್ತೈತಿ."

"ನಿಮ್ಮ ಮೂರು ಯಾವ ಊರಿನ ಮೂರೋ!"

ಅಷ್ಟರಲ್ಲಿ ಭೂಮಿಕಾಳ ಫೋನು. ಮಧ್ಯಾಹ್ನವೇ ಕಾಲೇಜು ಬಿಟ್ಟಿತ್ತು, ಮನೆಯಲ್ಲಿದ್ದಳು. ನಮ್ಮ ಓಣಿಗೆ ಬೇರೆ ಲೈನು, ಅಲ್ಲಿ ಕರೆಂಟ್ ಇತ್ತು. "ಅಮ್ಮ, ಗಿರಣಿ ಭಾಳ ಒದರಾಕತ್ತೈತಿ." ನಾನು ಹೂಂ ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. "ಅಮ್ಮ, ಗಿರಣಿ." "ಹೂಂ ಅಂದ್ನೆಲ್ಲ ಭೂಮಿ, ಕೆಲಸದಾಗ ಅದೀನಿ" ಎಂದು ಇಟ್ಟುಬಿಟ್ಟೆ. ಎರಡೂಮುಕ್ಕಾಲಿಗೆ ಐದು ನಿಮಿಷ ಇರುವಾಗ ಮೂರನೆಯ ಫೋನು ಬಂತು. ಎತ್ತಬಾರದೆಂದಿದ್ದೆ. ಎತ್ತಿದೆ.

"ಅಮ್ಮ, ಮುಟ್ಟಾಕಾಗವಲ್ದು, ಅಷ್ಟು ಕಾದೈತಿ. ಬಂದ್ ಮಾಡ್ಲೇನು?"

ಮಾಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದ್ ಮಾಡಿದರೆ ಯಂತ್ರಗಳ ಪರೀಕ್ಷೆಯಲ್ಲಿ ಒಂದು ದಿನ ಖಾಲಿ ಬೀಳುತ್ತದೆ, ಸಾಹೇಬರಿಗೆ ಕಾರಣ ಬರೆಯಬೇಕಾಗುತ್ತದೆ ಎಂಬ ಬೇಸರಕ್ಕೆ ಮಾತ್ರ ಕೇಳಿದೆ.

"ತಡಿ. ಯಾಕ ಅಷ್ಟು ಕಾಯಾಕತ್ತೈತಿ? ಪರದಿ ಮ್ಯಾಲ ಏನೈತಿ?"

"ಗೆರಿ ಅದಾವ. ಮೂರು ಮೂರು ಗೆರಿ. ಪರದಿ ತುಂಬ."

"ಅದು ದಸ್ತಗೀರ ಚಾಚಾ ಬಡಿಯೂದು. ಎಷ್ಟು ಅದಾವ?"

ಎಣಿಸಿದಳು. "ಐವತ್ತೆರಡು ಸಲ ಮೂರು. ಅಮ್ಮ, ಮೊದಲಿನವು ಎತ್ತರ ಅದಾವ. ಆಮ್ಯಾಲಿನವು ಗಿಡ್ಡ ಆಗಾಕತ್ತಾವ. ನಡಬರಕ ಜಾಗಾನೂ ಹೆಚ್ಚಾಗಾಕತ್ತೈತಿ. ಕಡೀದು ಇಷ್ಟ ಐತಿ. ನೆಲಕ್ಕ ಹತ್ತಿಕೊಂಡಂಗ."

ನನ್ನ ಮುಂದಿನ ಪರದೆಯಲ್ಲಿ ಬೂದು ಅಕ್ಷರ ಮತ್ತೆ ಮೂಡಿತು. ದಸ್ತಗೀರಸಾಬ, ಎಂದಿನಂತೆ.

ಒಮ್ಮೆಗೇ ತಿಳಿಯಿತು. ನೀರು ಬಿಡುವವನು ಒಂದೆರಡು ಸಲ ಬಡಿಯುತ್ತಾನೆ, ಹೆಚ್ಚೆಂದರೆ ನಾಲ್ಕು ಸಲ. ಐವತ್ತೆರಡು ಸಲ ಬಡಿಯುವವನು ನೀರು ಬಿಡುತ್ತಿಲ್ಲ, ಕರೆಯುತ್ತಿದ್ದಾನೆ. ಹೊಸ ಪ್ರೊಸೆಸರ್ ಪ್ರತಿ ಪೆಟ್ಟನ್ನೂ ಹಿಂದಿನ ಪೆಟ್ಟಿಗೆ ಹೋಲಿಸಿ, ಸ್ವಲ್ಪವೇ ಇಳಿದಿದೆ, ಇರಲಿ ಎಂದು ತನ್ನ ಊಹೆಯನ್ನೂ ಅಷ್ಟೇ ಇಳಿಸಿಕೊಂಡಿತ್ತು. ಒಬ್ಬ ಮನುಷ್ಯನ ಕಸುವು ಬತ್ತುತ್ತಿರುವುದು ಅದಕ್ಕೆ ಒಮ್ಮೆಯೂ ಅಚ್ಚರಿಯಾಗಿರಲಿಲ್ಲ. ಅಚ್ಚರಿಯಾಗದ್ದನ್ನು ಅದು ನನಗೆ ಹೇಳುವುದೂ ಇಲ್ಲ.

ದಸ್ತಗೀರನ ಫೋನಿಗೆ ಹಚ್ಚಿದೆ. ಸಂಪರ್ಕದಲ್ಲಿಲ್ಲ. ವಾಲ್ವ್ ಇರುವ ಆಳದ ಗುಂಡಿಗೆ, ಚೇಂಬರಿಗೆ, ಇಳಿದಾಗ ಅವನ ಫೋನು ಹೀಗಾಗುತ್ತಿತ್ತು. ಪಂಪ್‌ಹೌಸಿಗೆ ಹಚ್ಚಿದೆ.

"ಪಂಪ್ ಚಾಲೂ ಮಾಡಬ್ಯಾಡ್ರಿ. ಕರೆಂಟ್ ಬಂದ್ರೂ ಮಾಡಬ್ಯಾಡ್ರಿ."

"ಮೇಡಂ, ಈಗ ಹತ್ತು ನಿಮಿಷದಾಗ ಕರೆಂಟ್ ಬರೂದೈತಿ. ಯಾರು ಹೇಳ್ಯಾರ? ಸಾಹೇಬ್ರಾ?"

"ನಾನ ಹೇಳೇನಿ. ಚಾಚಾ ಚೇಂಬರಿನ್ಯಾಗ ಅದಾನ."

ನಾನು ಕಣ್ಣಾರೆ ನೋಡಿರಲಿಲ್ಲ. ತಪ್ಪಾದರೆ ಮೂರು ವಾರ್ಡಿನ ನೀರು ನನ್ನ ತಲೆಯ ಮೇಲೆ. ಆದರೂ ಹೇಳಿದೆ. ಅತ್ತ ಕಡೆಯವನು "ಆತು ತಗೋರಿ" ಎಂದ. ಆ ಮನುಷ್ಯನ ಹೆಸರು ಚನ್ನಬಸು. ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಸ್ಕೂಟರಿನಲ್ಲಿ ಹೋಗುತ್ತ ಕಾಶವ್ವನಿಗೆ ಫೋನು ಮಾಡಿ ಚೇಂಬರಿನ ಹತ್ತಿರ ಓಡಲು ಹೇಳಿದೆ. ಓಣಿಯ ಕೊನೆಯಲ್ಲಿ ಹಳೆಯ ಕಾಲದ ಆಳವಾದ ಒಂದು ಚೇಂಬರ್ ಇದೆ, ಮೇಲೆ ಕಬ್ಬಿಣದ ಮುಚ್ಚಳ. ನಾನು ಮುಟ್ಟುವಷ್ಟರಲ್ಲಿ ಹತ್ತು-ಹನ್ನೆರಡು ಹೆಂಗಸರು ಕೊಡ ಸಮೇತ ಅಲ್ಲಿದ್ದರು. ಅರ್ಧ ಸರಿದಿದ್ದ ಮುಚ್ಚಳವನ್ನು ಎಲ್ಲರೂ ಸೇರಿ ಪೂರ್ತಿ ಎತ್ತಿದರು. ಕಾಶವ್ವ ಬಗ್ಗಿ ನೋಡಿ ರೂಢಿಯಂತೆ ಬೈಯಲು ಬಾಯಿ ತೆಗೆದಳು. "ಏ ದಸ್ತಗೀರಾ, ನೀರು ಎಲ್ಲಿ..." ಮಾತು ಅಲ್ಲೇ ನಿಂತಿತು. ಕೊಡ ಕೈಯಿಂದ ಬಿತ್ತು. "ಅಯ್ಯ ನನ್ನಪ್ಪಾ, ನೀರಾಗ ಅದೀಯಲ್ಲೋ!"

ಎದೆಮಟ್ಟದ ನೀರು. ಕರೆಂಟ್ ಇಲ್ಲದ ಹೊತ್ತು ನೋಡಿ, ಸೋರುತ್ತಿದ್ದ ವಾಲ್ವಿನ ಕಂಠ ಬಿಗಿ ಮಾಡಲು ಇಳಿದಿದ್ದನಂತೆ. ನಟ್ಟು ಸಡಿಲಿಸಿದ ಮೇಲೆ, ಸೋರದಂತೆ ಕಂಠಕ್ಕೆ ಸುತ್ತುವ ಹೊಸ ಹುರಿ ತರಲು ಮೇಲೆ ಹತ್ತುವಾಗ ಏಣಿಯ ಮೆಟ್ಟಿಲು ಮುರಿದು ಬಿದ್ದು ಕಾಲು ಮುರಿದಿತ್ತು. ಪೈಪಿನಲ್ಲಿ ಉಳಿದಿದ್ದ ನೀರು ಸಣ್ಣಗೆ ಸೋರಿ ಸೋರಿ ಅಷ್ಟು ಏರಿತ್ತು. ಪಂಪ್ ಶುರುವಾಗಿದ್ದರೆ ಎರಡು ನಿಮಿಷ ಸಾಕಿತ್ತು. ಹೆಂಗಸರು ಸೀರೆ ಗಂಟು ಹಾಕಿ ಇಳಿಬಿಟ್ಟರು, ಅಗ್ನಿಶಾಮಕದವರು ಬರುವತನಕ ಅವನ ತಲೆ ಮೇಲಿರುವಂತೆ ಹಿಡಿದುಕೊಂಡರು. ಮೂರಕ್ಕೆ ಸರಿಯಾಗಿ ಓಣಿಯ ಮನೆಗಳಲ್ಲಿ ಫ್ಯಾನು ತಿರುಗತೊಡಗಿದವು, ಟಿವಿಗಳು ಮಾತಾಡಿದವು. ಕರೆಂಟ್ ಬಂದಿತ್ತು. ಎಲ್ಲರೂ ಚೇಂಬರಿನ ನೀರನ್ನೇ ನೋಡಿದೆವು. ಅದು ಏರಲಿಲ್ಲ.

ಆಸ್ಪತ್ರೆಯಲ್ಲಿ ಮರುದಿನ ಮಾತಾಡಿಸಿದೆ. ಕಾಲಿಗೆ ಪ್ಲಾಸ್ಟರು, ತಲೆಯ ಕೆಳಗೆ ಎರಡು ದಿಂಬು.

"ಚಾಚಾ, ಒಂದು ಕೇಳ್ತೀನಿ. ಯಾಕ ಮೂರು ಮೂರ ಬಡದಿ? ಹತ್ತು ಸಲ ಒಮ್ಮೆಲೆ ಬಡದಿದ್ರ ಯಾರಾದ್ರೂ ಏನೋ ಆಗೈತಿ ಅಂತಿದ್ರು. ಆ ಹೊಸ ಮಷೀನೂ ಒದರ್ತಿತ್ತು."

ಅವನು ತನ್ನ ಬಲಗೈ ಎತ್ತಿ ನೋಡಿಕೊಂಡ. "ಖರೇನ ಯವ್ವಾ. ಹೊಳೀಲೇ ಇಲ್ಲ ನೋಡು. ನಾಕನೇದು ಬಡಿಯಾಕ ಕೈನ ಏಳೂದಿಲ್ಲ. ನಲವತ್ತು ವರ್ಷ ಆತು, ಮೂರಕ್ಕ ನಿಂತಬಿಡ್ತೈತಿ."

ಪಕ್ಕದಲ್ಲಿದ್ದ ಅವನ ಹೆಂಡತಿ, "ಮಾತು ಮಾತ್ರ ಮೂರಕ್ಕ ನಿಲ್ಲಂಗಿಲ್ಲ" ಎಂದಳು. ಎಲ್ಲರೂ ನಕ್ಕೆವು. ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. ಹಾಗೆ ಕೈ ಹಿಡಿಸಿಕೊಳ್ಳುವ ಯೋಗ್ಯತೆ ನನಗಿಲ್ಲ ಎನಿಸಿತು. ಎರಡು ಸಲ ಹೂಂ ಎಂದು ಫೋನು ಇಟ್ಟವಳು ನಾನು.

ಮನೆಯಲ್ಲಿ ವರದಿಯನ್ನು ತಿದ್ದಿ ಬರೆದೆ. ತಿಂಗಳ ಕೊನೆಗೆ ಕೊಣ್ಣೂರ ಸಾಹೇಬರ ಮುಂದೆ ಕೂತೆ. ನಮೂನೆಯಲ್ಲಿ ಎರಡು ಚೌಕ. ಹಳೆಯದು, ಹೊಸದು. ಒಂದಕ್ಕೆ ಗುರುತು ಹಾಕಬೇಕು.

"ಇದರಾಗ ವಿಚಾರ ಮಾಡೂದು ಏನೈತಿ?" ಎಂದರು ಅವರು. "ದಸ್ತಗೀರನ ಉಳಿಸಿದ್ದು ಹಳೇದು. ಅದಕ್ಕ ಗುರುತು ಹಾಕ್ರಿ. ಹೊಸಾದು ಮಗಳಿಗೆ ಒಯ್ರಿ. ಯಾರೂ ಒಂದು ಮಾತು ಆಡೂದಿಲ್ಲ."

ಖರೆ. ಯಾರೂ ಆಡುತ್ತಿರಲಿಲ್ಲ. ತಿಂಗಳ ಮೊದಲು ಭೂಮಿಕಾ ಕೇಳಿದ್ದೂ ಅದನ್ನೇ. ಆದರೆ ಕಿವಿಯಲ್ಲಿ ಒಂಬತ್ತನೇ ವಾರ್ಡಿನ ಆ ಹೆಣ್ಣುಮಗಳ ದನಿ ಇತ್ತು. ಕೊಡ ತುಂಬಿ ಹೊರಗ ಚೆಲ್ಲಾಕತ್ತೈತ್ರಿ. ಹಳೆಯದೊಂದೇ ಇದ್ದರೆ ಮುಂದಿನ ಸಣ್ಣ ಸೀಳು ಮತ್ತೆ ಬಸ್ಸುಗಳ ಕೆಳಗೆ ಹೂತುಹೋಗುತ್ತದೆ. ಹೊಸದೊಂದೇ ಇದ್ದರೆ ಮುಂದಿನ ದಸ್ತಗೀರ ಎಂದಿನಂತೆ ಮುಳುಗುತ್ತಾನೆ.

ಎರಡೂ ಚೌಕಕ್ಕೆ ಗುರುತು ಹಾಕಿದೆ.

"ಹಿಂಗ ಬರಂಗಿಲ್ರಿ ಶಿವಲೀಲಾ."

"ಬರೂಹಂಗ ನೀವು ಬರೀರಿ ಸರ್. ಗೊತ್ತಿಲ್ಲದ್ದನ್ನ ಹುಡುಕಾಕ ಒಂದು, ಗೊತ್ತಿದ್ದದ್ದನ್ನ ಮತ್ತ ಕೇಳಾಕ ಒಂದು. ಎರಡೂ ಬೇಕು."

"ನಿಮಗ ಒಂದೂ ಉಳಿಯೂದಿಲ್ಲ."

"ಗೊತ್ತೈತ್ರಿ."

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕೆಳಗೆ ಎರಡು ಸಾಲು ತಾವೇ ಸೇರಿಸಿ ಸಹಿ ಮಾಡಿದರು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಭೂಮಿಕಾ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಚಪ್ಪಲಿ ಬಿಡದೆಯೇ ಅವಳ ಪಕ್ಕ ಕೂತೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಒಂಬತ್ತನೇ ವಾರ್ಡಿನಿಂದಲೇ ಶುರು ಮಾಡಿದೆ. ಆ ಫೋನು, ಚೌಕಗಳು, ಸಾಹೇಬರು ಅಂದದ್ದು, ನಾನು ಅಂದದ್ದು. ನಿನ್ನ ಪರೀಕ್ಷೆ ನನ್ನ ತಲೆಯಲ್ಲಿ ಇಲ್ಲವೆಂದು ತಿಳಿಯಬೇಡ ಎಂದೆ. ಹೊಸದು ಮನೆಗೆ ಬರಲಿ ಎಂದು ನನಗೂ ಭಾಳ ಆಸೆ ಇತ್ತು ಎಂಬುದನ್ನೂ ಹೇಳಿದೆ, ಅದನ್ನು ಆ ತನಕ ಒಪ್ಪಿಕೊಂಡಿರಲಿಲ್ಲ. ಆ ಬುಧವಾರ ಎರಡು ಸಲ ನಿನ್ನ ಮಾತು ಕೇಳದೆ ಇಟ್ಟೆ, ಮೂರನೇ ಸಲ ನೀನು ಬೇಸರ ಮಾಡಿಕೊಂಡು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಎಂದೆ. ಹೇಳುತ್ತ ಹೇಳುತ್ತ ಅದೇ ಮಾತಿಗೆ ಎರಡೆರಡು ಸಲ ಬಂದೆ. ಅವಳು ಶೇಂಗಾ ಪಕ್ಕಕ್ಕಿಟ್ಟು ನನ್ನ ಮುಖ ನೋಡುತ್ತ ಕೂತಿದ್ದಳು.

ಮುಗಿಸಿದೆ. "ಹಂಗಾಗಿ ನಮಗ ಒಂದೂ ಬರಲಿಲ್ಲ ಭೂಮಿ. ಹಳೇದೂ ನಾಳೆ ವಾಪಸ್ ಒಯ್ಯಬೇಕು."

"ಗೊತ್ತೈತಿ" ಎಂದಳು.

"ಹೆಂಗ?"

"ನಿನ್ನ ವರದಿ ಗಿರಣಿಯೊಳಗ ತೆರದ ಇತ್ತಲ್ಲ. ಎರಡೂ ಬೇಕು ಅಂತ ಬರದಿದ್ದಿ. ನಾಕು ದಿನದ ಹಿಂದನ ಓದೀನಿ. ಅವತ್ತ ಹೋಗಿ ಕಾಲೇಜು ಲೈಬ್ರರಿಯಾಗ ಹೆಸರು ಹಚ್ಚೀನಿ. ಮುಂಜಾನೆ ಎಂಟರಿಂದ ಹತ್ತು ನನಗ ಒಂದು ಕಂಪ್ಯೂಟರ್ ಕೊಡ್ತಾರ."

"ಸಿಟ್ಟು ಬರಲಿಲ್ಲೇನು?"

"ಬಂತು. ಎರಡು ದಿನ ಇತ್ತು. ನೀ ನೋಡಲಿಲ್ಲ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಬಾಗಿ ನನ್ನ ಚಪ್ಪಲಿ ಬಿಡಿಸಿಕೊಂಡೆ.

"ಎಲ್ಲಾ ಗೊತ್ತಿತ್ತು ಅಂದ್ರ ಇಷ್ಟೊತ್ತು ಯಾಕ ಕೇಳ್ಕೋತ ಕುಂತಿ?"

"ನೀ ಹೇಳಾಕತ್ತಿದ್ದಿಯಲ್ಲ" ಎಂದಳು.